ನೋಂದಣಿ ನಮೂನೆ (ಕಾರ್ಯಕ್ರಮಗಳು)

ನೋಂದಣಿ ನಮೂನೆ ಎಂದರೆ ಸಮ್ಮೇಳನ, ವಿಚಾರ ಸಂಕಿರಣ, ಕಾರ್ಯಾಗಾರ, ಶಿಬಿರ, ಕ್ರೀಡಾಸ್ಪರ್ಧೆ ಮುಂತಾದ ಕಾರ್ಯಕ್ರಮಗಳಲ್ಲಿ ಭಾಗವಹಿಸಬಯಸುವವರಿಂದ ಅಗತ್ಯ ವಿವರಗಳನ್ನು ಮುಂಚಿತವಾಗಿ ಪಡೆಯಲು ಸಂಘಟಕರು ಸಿದ್ಧಪಡಿಸುವ ಪ್ರಶ್ನಾವಳಿ. ಇದನ್ನು ಬಳಕೆಯ ಮಾತಿನಲ್ಲಿ ರಿಜಿಸ್ಟ್ರೇಷನ್ ಫಾರಂ ಎಂದೂ, ಸಾಹಿತ್ಯ ಸಮ್ಮೇಳನಗಳ ಸಂದರ್ಭದಲ್ಲಿ ಪ್ರತಿನಿಧಿ ನೋಂದಣಿ ಅರ್ಜಿ ಎಂದೂ ಕರೆಯುವುದುಂಟು. ಊಟ, ವಸತಿ, ಆಸನ, ಗುರುತಿನ ಚೀಟಿ, ಪ್ರಮಾಣಪತ್ರ ಮೊದಲಾದ ವ್ಯವಸ್ಥೆಗಳೆಲ್ಲ ಈ ನಮೂನೆಗೆ ದೊರೆತ ಉತ್ತರಗಳನ್ನು ಅವಲಂಬಿಸಿರುತ್ತವೆ. ಪ್ರಶ್ನೆ ಅಸ್ಪಷ್ಟವಾಗಿದ್ದರೆ ಅಡುಗೆಮನೆಯ ಲೆಕ್ಕ ತಪ್ಪುತ್ತದೆ. ಅನಗತ್ಯವಾಗಿದ್ದರೆ ಜನರ ಖಾಸಗಿ ವಿವರ ಕಾರಣವಿಲ್ಲದೆ ಪರರ ಕೈ ಸೇರುತ್ತದೆ. ಉತ್ತರದ ಆಯ್ಕೆಗಳು ಸಂಕುಚಿತವಾಗಿದ್ದರೆ ಕೆಲವರಿಗೆ ಕಾರ್ಯಕ್ರಮದ ಬಾಗಿಲೇ ಮುಚ್ಚುತ್ತದೆ. ಈ ಕಾರಣದಿಂದ ಪ್ರಶ್ನೆಗಳ ಆಯ್ಕೆ, ಪದಬಳಕೆ ಮತ್ತು ಕ್ರಮ ಪ್ರತ್ಯೇಕ ಅಧ್ಯಯನದ ವಿಷಯಗಳಾಗಿವೆ.

## ಹಿನ್ನೆಲೆ

ಪ್ರಶ್ನೆ ಕೇಳುವ ಕ್ರಮವನ್ನು ಕುರಿತ ವ್ಯವಸ್ಥಿತ ಅಧ್ಯಯನ ಬೆಳೆದದ್ದು ಮುಖ್ಯವಾಗಿ ಸಮೀಕ್ಷಾಶಾಸ್ತ್ರದಲ್ಲಿ. ಅಮೆರಿಕದ ಸ್ಟ್ಯಾನ್ಲಿ ಪೇನ್ 1951ರಲ್ಲಿ ಪ್ರಕಟಿಸಿದ 'ದಿ ಆರ್ಟ್ ಆಫ್ ಆಸ್ಕಿಂಗ್ ಕ್ವೆಶ್ಚನ್ಸ್' ಎಂಬ ಗ್ರಂಥವು ಪ್ರಶ್ನೆಯ ಪದಗಳು ಬದಲಾದಂತೆ ಉತ್ತರಗಳೂ ಬದಲಾಗುವುದನ್ನು ವಿವರಿಸಿತು. ಅಂಚೆ ಮತ್ತು ದೂರವಾಣಿಯ ಮೂಲಕ ನಡೆಸುವ ಸಮೀಕ್ಷೆಗಳನ್ನು ಕುರಿತು ಡಾನ್ ಡಿಲ್ಮನ್ 1978ರಲ್ಲಿ ಬರೆದ ಗ್ರಂಥವು ಪ್ರಶ್ನೆಗಳ ಕ್ರಮ ಮತ್ತು ಪುಟವಿನ್ಯಾಸಕ್ಕೆ ಮಹತ್ವ ನೀಡಿತು. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಟೂರಾಂಜೊ ಅವರು ಉತ್ತರಿಸುವ ಕ್ರಿಯೆಯಲ್ಲಿ ಅರ್ಥಗ್ರಹಣ, ಸ್ಮರಣೆ, ನಿರ್ಧಾರ ಮತ್ತು ಉತ್ತರದ ಅಭಿವ್ಯಕ್ತಿ ಎಂಬ ನಾಲ್ಕು ಹಂತಗಳನ್ನು ಗುರುತಿಸಿದರು. ಇವುಗಳಲ್ಲಿ ಯಾವ ಹಂತದಲ್ಲಿ ತೊಡಕುಂಟಾದರೂ ಉತ್ತರ ದೋಷಯುಕ್ತವಾಗುತ್ತದೆ.

ಜಾಲತಾಣಗಳಲ್ಲಿ ನಮೂನೆ ತುಂಬುವ ಸೌಲಭ್ಯವು 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನಕದಲ್ಲಿ ಸೇರಿತ್ತು. 2008ರಲ್ಲಿ ಗೂಗಲ್ ಸಂಸ್ಥೆಯು ಗೂಗಲ್ ಫಾರ್ಮ್ಸ್ ಸೌಲಭ್ಯವನ್ನು ಆರಂಭಿಸಿದ ಮೇಲೆ, ತಂತ್ರಾಂಶದ ಪರಿಚಯವಿಲ್ಲದ ಸಣ್ಣ ಸಂಘಸಂಸ್ಥೆಗಳಿಗೂ ನಮೂನೆ ರಚಿಸುವುದು ಸುಲಭವಾಯಿತು.

ಮುದ್ರಿತ ಅರ್ಜಿಗೆ ಒಂದು ಸಹಜವಾದ ಮಿತಿಯಿತ್ತು. ಒಂದು ಹಾಳೆಯಲ್ಲಿ ಹಿಡಿಸುವಷ್ಟನ್ನು ಮಾತ್ರ ಕೇಳಲು ಸಾಧ್ಯವಿತ್ತು. ಬಂದ ಅರ್ಜಿಗಳನ್ನು ಕೈಯಿಂದ ಪಟ್ಟಿ ಮಾಡಬೇಕಾದ್ದರಿಂದ ಹೆಚ್ಚು ಕೇಳಿದಷ್ಟೂ ಸಂಘಟಕರಿಗೇ ಶ್ರಮ ಹೆಚ್ಚುತ್ತಿತ್ತು. ವಿದ್ಯುನ್ಮಾನ ನಮೂನೆಯಲ್ಲಿ ಈ ಎರಡು ಮಿತಿಗಳೂ ಇಲ್ಲ. 'ಮುಂದೆ ಎಂದಾದರೂ ಬೇಕಾಗಬಹುದು' ಎಂಬ ಭಾವನೆಯಿಂದ ಪ್ರಶ್ನೆಗಳನ್ನು ಸೇರಿಸುತ್ತ ಹೋಗುವ ಪ್ರವೃತ್ತಿ ಬೆಳೆಯಲು ಇದೊಂದು ಕಾರಣ.

## ಪ್ರಶ್ನೆಗಳ ಆಯ್ಕೆ

ನಮೂನೆಯ ರಚನೆಯು ಪ್ರಶ್ನೆಗಳಿಂದಲ್ಲ, ಕಾರ್ಯಕ್ರಮದ ಕೆಲಸಗಳಿಂದ ಆರಂಭವಾಗುವುದು ಸೂಕ್ತ. ಅಡುಗೆಯವರಿಗೆ ಯಾವ ಸಂಖ್ಯೆ ಬೇಕು, ವಸತಿ ಸಮಿತಿಗೆ ಯಾವ ವಿವರ ಬೇಕು, ಪ್ರಮಾಣಪತ್ರ ಬರೆಯುವವರಿಗೆ ಏನು ಬೇಕು ಎಂಬುದನ್ನು ಮೊದಲು ಪಟ್ಟಿ ಮಾಡಿ, ಪ್ರಶ್ನೆಗಳನ್ನು ಅದರಿಂದ ರೂಪಿಸಲಾಗುತ್ತದೆ. ನಮೂನೆಗಳ ತಜ್ಞೆಯಾದ ಬ್ರಿಟನ್ನಿನ ಕ್ಯಾರೊಲಿನ್ ಜಾರೆಟ್ ಅವರು ಬಳಕೆಗೆ ತಂದ ಪ್ರಶ್ನಾಪರಿಶೀಲನೆಯ ವಿಧಾನವೂ ಇದನ್ನೇ ಹೇಳುತ್ತದೆ. ಅದರ ಸಾರವನ್ನು ಕೆಳಗಿನ ಪರೀಕ್ಷೆಗಳಾಗಿ ಹೇಳಬಹುದು.

* ಈ ಉತ್ತರ ಯಾರಿಗೆ ಬೇಕು?
* ಅವರು ಅದನ್ನು ಯಾವ ಕೆಲಸಕ್ಕೆ ಬಳಸುವರು?
* ಎಲ್ಲರೂ ಉತ್ತರಿಸಬೇಕೇ, ಕೆಲವರು ಸಾಕೇ?
* ತಪ್ಪು ಉತ್ತರ ಬಂದರೆ ಅಥವಾ ಉತ್ತರವೇ ಬಾರದಿದ್ದರೆ ಏನಾಗುತ್ತದೆ?
* ಉತ್ತರವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಮೊದಲೆರಡು ಪರೀಕ್ಷೆಗಳಲ್ಲಿ ನಿಲ್ಲದ ಪ್ರಶ್ನೆಯನ್ನು ಕೈಬಿಡಬೇಕು. ಈ ದೃಷ್ಟಿಯಿಂದ ನೋಡಿದರೆ, ಭಾರತದಲ್ಲಿ ರೂಢಿಯಾಗಿರುವ ಹಲವು ಪ್ರಶ್ನೆಗಳು ಸರ್ಕಾರಿ ಅರ್ಜಿಗಳಿಂದ ವಿಚಾರವಿಲ್ಲದೆ ಬಂದವು. 'ತಂದೆ/ಪತಿಯ ಹೆಸರು', 'ಕಾಯಂ ವಿಳಾಸ', 'ವೈವಾಹಿಕ ಸ್ಥಿತಿ', 'ಧರ್ಮ', 'ಜಾತಿ' ಇವು ಒಂದು ದಿನದ ಕಾರ್ಯಾಗಾರದ ಯಾವ ವ್ಯವಸ್ಥೆಗೂ ಬೇಕಾಗುವುದಿಲ್ಲ. ಆದರೆ ಒಬ್ಬಳು ಸ್ವತಂತ್ರವಾಗಿ ಬರುವ ಮಹಿಳೆಗೆ ಪತಿಯ ಹೆಸರಿನ ಖಾಲಿ ಜಾಗವೂ, ಜಾತಿಯ ಕಾರಣದಿಂದ ಅವಮಾನ ಉಂಡವರಿಗೆ ಜಾತಿಯ ಪ್ರಶ್ನೆಯೂ ಬೇರೊಂದು ಅರ್ಥವನ್ನು ಕೊಡುತ್ತವೆ.

ರಕ್ತದ ಗುಂಪಿನ ಪ್ರಶ್ನೆ ಇನ್ನೊಂದು ಉದಾಹರಣೆ. ತುರ್ತುಸ್ಥಿತಿಯಲ್ಲಿ ಅನುಕೂಲವಾಗಲಿ ಎಂಬ ಸದುದ್ದೇಶದಿಂದ ಇದನ್ನು ಕೇಳುವುದುಂಟು. ಆದರೆ ಆಸ್ಪತ್ರೆಗಳು ರಕ್ತ ನೀಡುವ ಮೊದಲು ರೋಗಿಯ ರಕ್ತದ ಗುಂಪನ್ನೂ ಹೊಂದಾಣಿಕೆಯನ್ನೂ ತಾವೇ ಪರೀಕ್ಷಿಸುತ್ತವೆ. ಅದಕ್ಕಿಂತ 'ತುರ್ತು ಸಂದರ್ಭದಲ್ಲಿ ಯಾರಿಗೆ ಕರೆ ಮಾಡಬೇಕು?' ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಉಳಿದ ಪ್ರಶ್ನೆಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ವಿಂಗಡಿಸಲಾಗುತ್ತದೆ. ಯಾವ ಉತ್ತರವಿಲ್ಲದೆ ನೋಂದಣಿಯೇ ಅಸಾಧ್ಯವೋ ಅದು ಮಾತ್ರ ಕಡ್ಡಾಯ. ಅನಗತ್ಯವಾಗಿ ಕಡ್ಡಾಯಗೊಳಿಸಿದ ಪ್ರಶ್ನೆಗೆ ಜನರು ಚುಕ್ಕಿ, ಸೊನ್ನೆ ಅಥವಾ ಸುಳ್ಳು ವಿವರ ತುಂಬಿ ಮುಂದೆ ಸಾಗುತ್ತಾರೆ. ಖಾಲಿ ಜಾಗಕ್ಕಿಂತ ಸುಳ್ಳು ಉತ್ತರ ಹೆಚ್ಚು ಹಾನಿಕರ, ಏಕೆಂದರೆ ಅದು ನಿಜದಂತೆ ಲೆಕ್ಕಕ್ಕೆ ಸೇರುತ್ತದೆ.

## ಪ್ರಶ್ನೆಯ ಭಾಷೆ

### ಅಸ್ಪಷ್ಟತೆ

'ಎಷ್ಟು ಜನ ಬರುವಿರಿ?' ಎಂಬ ಪ್ರಶ್ನೆಗೆ ಕೆಲವರು ತಮ್ಮನ್ನು ಸೇರಿಸಿ, ಕೆಲವರು ತಮ್ಮನ್ನು ಬಿಟ್ಟು ಉತ್ತರಿಸುತ್ತಾರೆ. 'ನಿಮ್ಮನ್ನೂ ಸೇರಿಸಿ ಒಟ್ಟು ಎಷ್ಟು ಮಂದಿ?' ಎಂದು ಕೇಳಿದರೆ ಈ ಗೊಂದಲವಿಲ್ಲ. '20ರ ರಾತ್ರಿ ವಸತಿ ಬೇಕೇ?' ಎಂಬಲ್ಲಿ 19 ಮತ್ತು 20ರ ನಡುವಿನ ರಾತ್ರಿಯೋ, 20 ಮತ್ತು 21ರ ನಡುವಿನ ರಾತ್ರಿಯೋ ಎಂಬ ಸಂದೇಹ ಹುಟ್ಟಬಹುದು. ಹಿಂದಿನ ಸಂಜೆಯೇ ಬಂದಿಳಿಯುವ ಪ್ರತಿನಿಧಿಗಳಿರುವಲ್ಲಿ ಎರಡೂ ದಿನಾಂಕಗಳನ್ನು ಬರೆದು ತೋರಿಸುವುದು ಸುರಕ್ಷಿತ.

ಕನ್ನಡದ ಒಂದು ವಿಶೇಷವೂ ಇಲ್ಲಿ ಗಮನಾರ್ಹ. 'ನೀವು' ಎಂಬುದು ಏಕವಚನದ ಗೌರವರೂಪವೂ ಹೌದು, ಬಹುವಚನವೂ ಹೌದು. ಕುಟುಂಬದ ಪರವಾಗಿ ಒಬ್ಬರೇ ತುಂಬುವ ನಮೂನೆಯಲ್ಲಿ 'ನಿಮಗೆ ವಸತಿ ಬೇಕೇ?' ಎಂದರೆ ತುಂಬುವವರೊಬ್ಬರಿಗೋ ಇಡೀ ಕುಟುಂಬಕ್ಕೋ ಎಂಬುದು ತಿಳಿಯುವುದಿಲ್ಲ. 'ನಿಮ್ಮ ತಂಡದಲ್ಲಿ ಎಷ್ಟು ಮಂದಿಗೆ ವಸತಿ ಬೇಕು?' ಎಂಬ ರೂಪ ಈ ದೋಷವನ್ನು ನಿವಾರಿಸುತ್ತದೆ.

### ಜೋಡಿಪ್ರಶ್ನೆ ಮತ್ತು ನಿಷೇಧರೂಪ

'ಊಟ ಮತ್ತು ವಸತಿ ಬೇಕೇ?' ಎಂಬುದು ಒಂದರೊಳಗೆ ಎರಡು ಪ್ರಶ್ನೆ. ಊಟ ಮಾತ್ರ ಬೇಕಾದವರಿಗೆ ಇಲ್ಲಿ ಸರಿಯುತ್ತರವೇ ಇಲ್ಲ. ಅದೇ ರೀತಿ 'ಮುಂದಿನ ಕಾರ್ಯಕ್ರಮಗಳ ಸಂದೇಶ ಬೇಡವಾದಲ್ಲಿ ಗುರುತು ಹಾಕಬೇಡಿ' ಎಂಬಂತಹ ಎರಡು ನಿಷೇಧಗಳ ವಾಕ್ಯವು ಓದುಗರನ್ನು ದಾರಿ ತಪ್ಪಿಸುತ್ತದೆ. ಬೇಕೆಂದವರು ಗುರುತು ಹಾಕುವಂತೆ ನೇರವಾಗಿ ಬರೆಯುವುದೇ ಸರಿ.

### ಪದಗಳ ಆಯ್ಕೆ

ಕಚೇರಿಯ ಪರಿಭಾಷೆಯ ಬದಲು ಜನಬಳಕೆಯ ಪದಗಳನ್ನು ಬಳಸಬೇಕೆಂಬುದು ಸಾಮಾನ್ಯ ನಿಯಮ. 'ಆಗಮನದ ಸಮಯವನ್ನು ನಮೂದಿಸತಕ್ಕದ್ದು' ಎಂಬುದಕ್ಕಿಂತ 'ಎಷ್ಟು ಗಂಟೆಗೆ ತಲುಪುವಿರಿ?' ಎಂಬುದು ಸುಲಭ. 'ದೂರವಾಣಿ ಸಂಖ್ಯೆ' ಎಂದಲ್ಲಿ ಕೆಲವರು ಮನೆಯ ಸ್ಥಿರ ದೂರವಾಣಿಯನ್ನು ಬರೆಯಬಹುದಾದ್ದರಿಂದ, ಸಂದೇಶ ಕಳುಹಿಸುವುದಿದ್ದರೆ 'ಮೊಬೈಲ್ ಸಂಖ್ಯೆ' ಎಂದೇ ಕೇಳಬೇಕು. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುವ ನಮೂನೆಯಲ್ಲಿ ಎರಡು ಪಾಠಗಳೂ ಒಂದೇ ಅರ್ಥ ಕೊಡುತ್ತವೆಯೇ ಎಂಬುದನ್ನು ಎರಡೂ ಭಾಷೆ ಬಲ್ಲವರು ಪರಿಶೀಲಿಸುವುದು ಅವಶ್ಯ.

## ಉತ್ತರದ ಬಗೆಗಳು

ಉತ್ತರವನ್ನು ಪಡೆಯುವ ರೀತಿಯೂ ಪ್ರಶ್ನೆಯಷ್ಟೇ ಮುಖ್ಯ. ಬಳಕೆಯಲ್ಲಿರುವ ಮುಖ್ಯ ಬಗೆಗಳು ಇಂತಿವೆ.

* ಒಂದೇ ಆಯ್ಕೆ: ಹಲವು ಉತ್ತರಗಳಲ್ಲಿ ಒಂದನ್ನು ಮಾತ್ರ ಆರಿಸುವುದು. ಆಯ್ಕೆಗಳು ಒಂದರ ಮೇಲೊಂದು ಬೀಳಬಾರದು. ವಯೋಮಾನವನ್ನು '20–30, 30–40' ಎಂದು ಕೊಟ್ಟರೆ 30 ವರ್ಷದವರು ಎರಡರಲ್ಲೂ ಸೇರುತ್ತಾರೆ.
* ಹಲವು ಆಯ್ಕೆ: ಭಾಗವಹಿಸುವ ಗೋಷ್ಠಿಗಳು, ಬೇಕಾದ ಊಟಗಳು ಮುಂತಾದವಕ್ಕೆ ಸೂಕ್ತ. ಎಷ್ಟನ್ನು ಆರಿಸಬಹುದೆಂದು ಹೇಳಬೇಕು.
* ಇಳಿಪಟ್ಟಿ: ಜಿಲ್ಲೆ, ರಾಜ್ಯ ಮುಂತಾದ ದೀರ್ಘ ಪಟ್ಟಿಗಳಿಗೆ ಯೋಗ್ಯ. ಎರಡು ಮೂರು ಆಯ್ಕೆಗಳಿಗೆ ಇದು ಅನಗತ್ಯ ತೊಡಕು.
* ಕಿರು ಉತ್ತರ: ಹೆಸರು, ಊರು, ಮೊಬೈಲ್ ಸಂಖ್ಯೆ ಮುಂತಾದವು. ಎಣಿಕೆಗೆ ಬೇಕಾದ ವಿಷಯಗಳನ್ನು ಹೀಗೆ ಕೇಳಿದರೆ ಒಂದೇ ಊರಿನ ಹೆಸರು ನಾಲ್ಕು ಬಗೆಯ ಕಾಗುಣಿತದಲ್ಲಿ ಬರುತ್ತದೆ.
* ವಿಸ್ತೃತ ಉತ್ತರ: ಪ್ರಬಂಧದ ಸಾರಲೇಖದಂತಹ ವಿವರಗಳಿಗೆ. ಗರಿಷ್ಠ ಪದಮಿತಿಯನ್ನು ಮೊದಲೇ ತಿಳಿಸಬೇಕು.
* ಕಡತ ಸೇರಿಸುವುದು: ಭಾವಚಿತ್ರ, ಪ್ರಬಂಧ ಇತ್ಯಾದಿ. ಗೂಗಲ್ ಫಾರ್ಮ್ಸ್‌ನಲ್ಲಿ ಕಡತ ಸೇರಿಸಬೇಕಾದರೆ ಉತ್ತರಿಸುವವರು ಗೂಗಲ್ ಖಾತೆಗೆ ಪ್ರವೇಶಿಸಬೇಕು. ಖಾತೆಯಿಲ್ಲದವರು ಇಲ್ಲಿಯೇ ಹಿಂದುಳಿಯುತ್ತಾರೆ.

ಆಯ್ಕೆಪಟ್ಟಿಯ ಕೊನೆಯಲ್ಲಿ 'ಇತರೆ' ಎಂಬುದಕ್ಕೆ ಬರೆಯುವ ಜಾಗವಿರುವುದು ವಾಡಿಕೆ. ಉತ್ತರವೊಂದಕ್ಕೆ ಸಂಬಂಧಿಸಿದ ಉಪಪ್ರಶ್ನೆಗಳನ್ನು ಆ ಉತ್ತರ ನೀಡಿದವರಿಗೆ ಮಾತ್ರ ತೋರಿಸುವ ವ್ಯವಸ್ಥೆಯಿಂದ ನಮೂನೆ ಚಿಕ್ಕದಾಗುತ್ತದೆ. ವಸತಿ ಬೇಡವೆಂದವರಿಗೆ ಕೊಠಡಿಯ ಪ್ರಶ್ನೆಗಳು ಕಾಣಬೇಕಿಲ್ಲ.

## ಹೆಸರಿನ ಪ್ರಶ್ನೆ

ನಮೂನೆಯ ಮೊದಲ ಪ್ರಶ್ನೆಯಾದ ಹೆಸರೇ ಹಲವು ಸಲ ಅತ್ಯಂತ ಜಟಿಲವಾದುದು. ಪಾಶ್ಚಾತ್ಯ ಪದ್ಧತಿಯನ್ನು ಅನುಸರಿಸಿದ ನಮೂನೆಗಳು ಮೊದಲ ಹೆಸರು ಮತ್ತು ಕೊನೆಯ ಹೆಸರುಗಳನ್ನು ಪ್ರತ್ಯೇಕವಾಗಿ, ಕಡ್ಡಾಯವಾಗಿ ಕೇಳುತ್ತವೆ. ಕೊನೆಯದು ಕುಟುಂಬದ ಹೆಸರೆಂದು ಭಾವಿಸುತ್ತವೆ. ಕರ್ನಾಟಕದ ಹೆಸರುಗಳಿಗೆ ಈ ಚೌಕಟ್ಟು ಒಗ್ಗುವುದಿಲ್ಲ.

ಕುವೆಂಪು ಅವರ ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇದರಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆಯ ಹೆಸರು, ಕೊನೆಯದು ಮನೆತನದ ಹೆಸರು. ಒಂದೇ ಭಾಷೆಯ ಇಬ್ಬರು ಮಹಾಕವಿಗಳ ಹೆಸರುಗಳಲ್ಲಿಯೇ ಸ್ವಂತ ಹೆಸರಿನ ಸ್ಥಾನ ಬೇರೆಬೇರೆಯಾಗಿದೆ. ಹಳೆಯ ಮೈಸೂರು ಭಾಗದಲ್ಲಿ ಹೆಸರಿನ ಮುಂದೆ ಒಂದೆರಡು ಅಕ್ಷರಗಳ ಸಂಕ್ಷೇಪವಿರುವುದೂ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಬಳಕೆಯಲ್ಲಿರುವುದೂ ಸಾಮಾನ್ಯ. ಒಂದೇ ಪದದ ಹೆಸರುಳ್ಳವರೂ ಬಹಳ ಮಂದಿ ಇದ್ದಾರೆ. ಕೊನೆಯ ಹೆಸರನ್ನು ಕಡ್ಡಾಯಗೊಳಿಸಿದಾಗ ಅಂತಹವರು ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ ಅಥವಾ ಚುಕ್ಕಿ ಇಡುತ್ತಾರೆ. ಆ ಚುಕ್ಕಿ ಪ್ರಮಾಣಪತ್ರದ ಮೇಲೂ ಮುದ್ರಣವಾಗುತ್ತದೆ.

ಇದಕ್ಕೆ ಪರಿಹಾರವೆಂದರೆ 'ಪೂರ್ಣ ಹೆಸರು' ಎಂಬ ಒಂದೇ ಜಾಗವನ್ನು ಕೊಡುವುದು. ಅಗತ್ಯವಿದ್ದಲ್ಲಿ 'ಪ್ರಮಾಣಪತ್ರದಲ್ಲಿ ಹೆಸರು ಹೇಗೆ ಮುದ್ರಣವಾಗಬೇಕು?', 'ಗುರುತಿನ ಚೀಟಿಯಲ್ಲಿ ಯಾವ ಹೆಸರಿರಬೇಕು?' ಎಂದು ಉದ್ದೇಶವನ್ನು ಹೇಳಿಯೇ ಕೇಳಬಹುದು. ಶ್ರೀ, ಶ್ರೀಮತಿ, ಕುಮಾರಿ ಎಂಬ ಪೂರ್ವಪದಗಳಲ್ಲಿ ಸ್ತ್ರೀಯರದು ಮಾತ್ರ ವೈವಾಹಿಕ ಸ್ಥಿತಿಯನ್ನು ಹೊರಗೆಡಹುವುದರಿಂದ ಅವನ್ನು ಐಚ್ಛಿಕವಾಗಿಡುವುದು ಉಚಿತ.

### ಕನ್ನಡ ಲಿಪಿಯ ತಾಂತ್ರಿಕ ಅಂಶಗಳು

ಯೂನಿಕೋಡ್‌ನಲ್ಲಿ ಕನ್ನಡದ ಗುಣಿತಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಅಕ್ಷರಗಳ ವರ್ಗಕ್ಕೆ ಸೇರದೆ ಸಂಯೋಜಕ ಚಿಹ್ನೆಗಳ ವರ್ಗಕ್ಕೆ ಸೇರಿವೆ. 'ಅಕ್ಷರಗಳು ಮಾತ್ರ' ಎಂಬ ನಿಯಮವನ್ನು ಅಳವಡಿಸಿದ ನಮೂನೆಯು 'ಗೀತಾ' ಎಂಬ ಸರಳ ಹೆಸರನ್ನೂ ತಪ್ಪೆಂದು ತಿರಸ್ಕರಿಸಬಹುದು. ಉದ್ದದ ಮಿತಿಯಲ್ಲೂ ಇದೇ ಸಮಸ್ಯೆ. 'ಕೃಷ್ಣ' ಎಂಬುದು ಓದುವವರಿಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ 15 ಬೈಟು. ಇಂಗ್ಲಿಷಿನ ಅಂದಾಜಿನಲ್ಲಿ ನಿಗದಿಪಡಿಸಿದ ಮಿತಿ ಕನ್ನಡದ ಹೆಸರುಗಳನ್ನು ಅರ್ಧಕ್ಕೆ ತುಂಡರಿಸಬಲ್ಲದು. ಸಂಖ್ಯೆಗಳ ಜಾಗದಲ್ಲಿ ಕನ್ನಡ ಅಂಕಿಗಳನ್ನು ಬರೆದವರನ್ನೂ ನಮೂನೆ ಸ್ವೀಕರಿಸುವಂತಿರಬೇಕು.

## ಸಂಪರ್ಕ ಮತ್ತು ವಿಳಾಸ

ಭಾರತದ ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿಗಳಿರುತ್ತವೆ. ದೇಶದ ಸಂಕೇತ +91. ಹತ್ತೇ ಅಂಕಿಗಳನ್ನು ಕಡ್ಡಾಯಗೊಳಿಸಿದ ನಮೂನೆಯನ್ನು ವಿದೇಶದಿಂದ ಬರುವ ಕನ್ನಡಿಗರು ತುಂಬಲಾರರು. ದಿನಾಂಕದಲ್ಲಿಯೂ ಭಾರತದ ರೂಢಿ ದಿನ, ತಿಂಗಳು, ವರ್ಷ ಎಂದಾದರೆ ಅಮೆರಿಕದಲ್ಲಿ ತಿಂಗಳು ಮೊದಲು ಬರುತ್ತದೆ. '05-06' ಎಂಬುದನ್ನು ಎರಡು ಬಗೆಯಾಗಿ ಓದಬಹುದಾದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ತೋರಿಸುವುದು ಒಳಿತು.

ಅಂಚೆಯಲ್ಲಿ ಏನನ್ನೂ ಕಳುಹಿಸದಿದ್ದರೆ ಪೂರ್ಣ ವಿಳಾಸ ಬೇಕಿಲ್ಲ. ಯಾವ ಭಾಗದಿಂದ ಎಷ್ಟು ಜನ ಬರುವರೆಂದು ತಿಳಿದು ವಾಹನ ವ್ಯವಸ್ಥೆ ಮಾಡುವುದಷ್ಟೇ ಉದ್ದೇಶವಾದರೆ ಊರು ಮತ್ತು ಜಿಲ್ಲೆ, ಅಥವಾ 6 ಅಂಕಿಗಳ ಪಿನ್‌ಕೋಡ್ ಸಾಕಾಗುತ್ತದೆ.

## ಊಟೋಪಚಾರ ಮತ್ತು ವಸತಿ

ಆಹಾರದ ಪ್ರಶ್ನೆಯಲ್ಲಿ ಕೇಳಬೇಕಾದದ್ದು ಅಂದಿನ ಊಟವನ್ನು ಕುರಿತೇ ಹೊರತು ವ್ಯಕ್ತಿಯ ಆಚಾರವನ್ನು ಕುರಿತಲ್ಲ. 'ನೀವು ಸಸ್ಯಾಹಾರಿಗಳೇ?' ಎಂಬ ಪ್ರಶ್ನೆ ಜಾತಿ ಮತ್ತು ಧರ್ಮದ ವಿಚಾರಣೆಯಂತೆ ಕೇಳಿಸಬಹುದು. 'ಮಧ್ಯಾಹ್ನದ ಊಟಕ್ಕೆ ಯಾವುದನ್ನು ಸಿದ್ಧಪಡಿಸಬೇಕು?' ಎಂದು ಕೇಳಿ ಸಸ್ಯಾಹಾರ, ಮಾಂಸಾಹಾರ, ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಆಹಾರ, ಜೈನ ಪದ್ಧತಿಯ ಆಹಾರ ಎಂಬ ಆಯ್ಕೆಗಳನ್ನು ಕೊಟ್ಟರೆ ಅಡುಗೆಯವರಿಗೆ ಬೇಕಾದ ಸಂಖ್ಯೆಯೂ ದೊರೆಯುತ್ತದೆ. ಒದಗಿಸಲಾಗದ ಆಯ್ಕೆಯನ್ನು ಪಟ್ಟಿಯಲ್ಲಿ ಸೇರಿಸಬಾರದು. ಕೇಳಿದ್ದು ಕೊಟ್ಟಂತೆ ಎಂದೇ ಜನರು ತಿಳಿಯುತ್ತಾರೆ.

ಕಡಲೆಕಾಯಿ, ಹಾಲು, ಗೋಧಿ ಮುಂತಾದವುಗಳ ಅಲರ್ಜಿ ಅಭಿರುಚಿಯ ವಿಷಯವಲ್ಲ. ಕೆಲವರಿಗೆ ಅದು ಪ್ರಾಣಾಪಾಯ ತರಬಲ್ಲದು. ಆದ್ದರಿಂದ 'ಯಾವ ಪದಾರ್ಥ ನಿಮಗೆ ಆಗುವುದಿಲ್ಲ?' ಎಂಬುದನ್ನು ಪ್ರತ್ಯೇಕ ಪ್ರಶ್ನೆಯಾಗಿ ಇಟ್ಟು, ಉತ್ತರವನ್ನು ಅಡುಗೆಯ ಮುಖ್ಯಸ್ಥರಿಗೆ ತಲುಪಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಉತ್ತರ ಪಟ್ಟಿಯಲ್ಲಿಯೇ ಉಳಿದರೆ ಪ್ರಶ್ನೆ ಕೇಳದಿದ್ದುದಕ್ಕಿಂತ ಕೆಟ್ಟ ಪರಿಣಾಮವಾಗುತ್ತದೆ, ಏಕೆಂದರೆ ತಿಳಿಸಿದವರು ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಾರೆ.

ವಸತಿಗೆ ಬೇಕಾದ ವಿವರಗಳು ತಂಗುವ ರಾತ್ರಿಗಳು, ತಲುಪುವ ಸಮಯ, ಜೊತೆಗಿರುವ ಮಕ್ಕಳು, ನೆಲಮಹಡಿಯ ಅಗತ್ಯ ಮತ್ತು ಕೊಠಡಿ ಹಂಚಿಕೊಳ್ಳಬಯಸುವವರ ಹೆಸರು.

## ಲಿಂಗತ್ವ ಮತ್ತು ವಿಶೇಷ ಅಗತ್ಯಗಳು

ಭಾರತದ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ನೀಡಿದ ತೀರ್ಪಿನಲ್ಲಿ ತೃತೀಯ ಲಿಂಗದ ಮಾನ್ಯತೆಯನ್ನು ಎತ್ತಿಹಿಡಿಯಿತು. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ ಕಾಯ್ದೆಯೂ ಬಂದಿತು. ಸ್ತ್ರೀ, ಪುರುಷ ಎಂಬ ಎರಡೇ ಆಯ್ಕೆಗಳಿರುವ ನಮೂನೆ ಈ ಹಿನ್ನೆಲೆಯಲ್ಲಿ ಅಪೂರ್ಣ. ಕೊಠಡಿ ಹಂಚಿಕೆಯಂತಹ ಕಾರಣವಿಲ್ಲದಿದ್ದಲ್ಲಿ ಈ ಪ್ರಶ್ನೆಯನ್ನೇ ಬಿಡಬಹುದು. ಕೇಳುವುದಾದರೆ 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆಯೂ ಇರಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಆದರೆ ನೋಂದಣಿ ನಮೂನೆಯಲ್ಲಿ ವೈಕಲ್ಯದ ಹೆಸರಾಗಲಿ ಪ್ರಮಾಣವಾಗಲಿ ಅನಗತ್ಯ. 'ಕಾರ್ಯಕ್ರಮದಲ್ಲಿ ಭಾಗವಹಿಸಲು ನಿಮಗೆ ಯಾವ ಸೌಕರ್ಯ ಬೇಕು?' ಎಂದು ಕೇಳಿ ಇಳಿಜಾರು ದಾರಿ, ಗಾಲಿಕುರ್ಚಿಯ ಸ್ಥಳ, ಸಂಜ್ಞಾಭಾಷೆಯ ಅನುವಾದ, ದೊಡ್ಡ ಅಕ್ಷರದ ಮುದ್ರಣ, ಸಹಾಯಕರಿಗೆ ಆಸನ ಎಂಬ ಆಯ್ಕೆಗಳನ್ನು ನೀಡುವುದು ಉಪಯುಕ್ತ. ಇಲ್ಲಿ ಪ್ರಶ್ನೆಯ ಗಮನವು ವ್ಯಕ್ತಿಯ ಕೊರತೆಯಿಂದ ಸಂಘಟಕರ ಕರ್ತವ್ಯದ ಕಡೆಗೆ ತಿರುಗುತ್ತದೆ.

ನಮೂನೆಯೇ ಎಲ್ಲರಿಗೂ ಎಟುಕುವಂತಿರಬೇಕು. ಜಾಲತಾಣಗಳ ಸುಗಮ್ಯತೆಯನ್ನು ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯು ಪ್ರತಿ ಜಾಗಕ್ಕೂ ಸ್ಪಷ್ಟ ಶೀರ್ಷಿಕೆ, ತಪ್ಪಾದಾಗ ಯಾವುದು ತಪ್ಪೆಂದು ಪದಗಳಲ್ಲಿ ತಿಳಿಸುವುದು, ಕೇವಲ ಬಣ್ಣದಿಂದ ಅರ್ಥ ಸೂಚಿಸದಿರುವುದು ಮುಂತಾದವನ್ನು ವಿಧಿಸುತ್ತದೆ. ಕಡ್ಡಾಯ ಪ್ರಶ್ನೆಗಳನ್ನು ಕೆಂಪು ಬಣ್ಣದಿಂದ ಮಾತ್ರ ಗುರುತಿಸಿದರೆ ಬಣ್ಣಗುರುಡು ಇರುವವರಿಗೂ, ತೆರೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೂ ಅದು ತಿಳಿಯುವುದಿಲ್ಲ.

## ಖಾಸಗಿತನ ಮತ್ತು ಕಾನೂನು

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ಅದೇ ವರ್ಷದ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಜಾರಿಯು ಹಂತಹಂತವಾಗಿ ನಡೆಯುವಂತೆ ಗೊತ್ತುಪಡಿಸಲಾಗಿದೆ. ನೋಂದಣಿ ನಮೂನೆಗೆ ಸಂಬಂಧಿಸಿದ ಅದರ ಮುಖ್ಯ ಅಂಶಗಳು ಹೀಗಿವೆ.

* ಯಾವ ವಿವರವನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬ ಸೂಚನೆ ನೀಡಬೇಕು. ಈ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು. ಕನ್ನಡವೂ ಅವುಗಳಲ್ಲಿ ಒಂದು.
* ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿದು ನೀಡಿದ್ದೂ ಆಗಿರಬೇಕು. ಉದ್ದೇಶಕ್ಕೆ ಅವಶ್ಯವಾದ ವಿವರಗಳಿಗೆ ಮಾತ್ರ ಅದು ಸೀಮಿತ.
* ಸಮ್ಮತಿ ಹಿಂಪಡೆಯುವುದು ಸಮ್ಮತಿ ನೀಡಿದಷ್ಟೇ ಸುಲಭವಾಗಿರಬೇಕು.
* 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯರ ಅಥವಾ ಪೋಷಕರ ದೃಢೀಕರಿಸಬಹುದಾದ ಸಮ್ಮತಿ ಬೇಕು.
* ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ವಿವರಗಳನ್ನು ಅಳಿಸಬೇಕು.

ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಮಾಡಿಕೊಳ್ಳುವ ಪಟ್ಟಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ನಿಯಮಾವಳಿ (ಜಿಡಿಪಿಆರ್) ಆರೋಗ್ಯದ ವಿವರಗಳಿಗೆ ವಿಶೇಷ ರಕ್ಷಣೆ ನೀಡಿದೆ. ಅಲ್ಲಿನ ಕನ್ನಡ ಸಂಘಗಳು ಪಡೆಯುವ ನೋಂದಣಿಗಳಿಗೂ ಅದು ಸಂಬಂಧಿಸುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕವು ಸಮ್ಮತಿಯಾಗದು ಎಂದು ಯುರೋಪಿನ ನ್ಯಾಯಾಲಯವು 2019ರ ಅಕ್ಟೋಬರ್ 1ರಂದು ತೀರ್ಪು ನೀಡಿತು.

ಆಚರಣೆಯಲ್ಲಿ ಮುಖ್ಯವಾದ ತತ್ತ್ವ ಸಮ್ಮತಿಗಳನ್ನು ಪ್ರತ್ಯೇಕವಾಗಿ ಕೇಳುವುದು. ಕಾರ್ಯಕ್ರಮಕ್ಕೆ ಸೇರುವುದು, ಛಾಯಾಚಿತ್ರ ಪ್ರಕಟಿಸುವುದು, ಮುಂದೆ ಸಂದೇಶ ಕಳುಹಿಸುವುದು ಇವು ಮೂರು ಬೇರೆಬೇರೆ ವಿಷಯಗಳು. ಆಧಾರ್‌ನ 12 ಅಂಕಿಗಳ ಸಂಖ್ಯೆಯನ್ನು ನೋಂದಣಿಗೆ ಕೇಳುವುದು ಸಲ್ಲದು. ವಸತಿಗೃಹದವರಿಗೆ ಗುರುತಿನ ದಾಖಲೆ ಬೇಕಾದರೆ ಬಂದಾಗ ತೋರಿಸುವಂತೆ ಸೂಚಿಸಿದರೆ ಸಾಕು. ಶುಲ್ಕ ಪಾವತಿಗೆ ಯುಪಿಐ ವ್ಯವಹಾರದ ಉಲ್ಲೇಖ ಸಂಖ್ಯೆಯನ್ನು ಕೇಳಬಹುದು. ಯುಪಿಐ ಪಿನ್, ಒಟಿಪಿ, ಕಾರ್ಡಿನ ಹಿಂಬದಿಯ ಗುಪ್ತಸಂಖ್ಯೆಗಳನ್ನು ಎಂದಿಗೂ ಕೇಳಕೂಡದು.

ಬಂದ ಉತ್ತರಗಳ ಪಟ್ಟಿಯನ್ನು ಕೊಂಡಿಯಿದ್ದ ಯಾರಾದರೂ ನೋಡುವಂತೆ ಬಿಡುವುದು, ಮೊಬೈಲ್ ಸಂಖ್ಯೆಗಳ ಸಹಿತ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸುವುದು, ಸಭಾಂಗಣದ ಗೋಡೆಗೆ ಅಂಟಿಸುವುದು ಇವೆಲ್ಲ ಖಾಸಗಿತನದ ಉಲ್ಲಂಘನೆಗೆ ದಾರಿಯಾಗುತ್ತವೆ. ಮಹಿಳೆಯರಿಗೆ ಅಪರಿಚಿತರ ಕರೆಗಳ ಕಿರುಕುಳ ಉಂಟಾಗುವ ಸಾಧ್ಯತೆ ಇಲ್ಲಿ ಹೆಚ್ಚು.

## ಕನ್ನಡ ಸಾಹಿತ್ಯ ಸಮ್ಮೇಳನಗಳ ನಿದರ್ಶನ

1915ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯ ಅವರ ಅಧ್ಯಕ್ಷತೆಯಲ್ಲಿ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 87ನೆಯ ಸಮ್ಮೇಳನ 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ಜರುಗಿತು. ಇವುಗಳಿಗೆ ಸಾರ್ವಜನಿಕರು ಮುಕ್ತವಾಗಿ ಬರಬಹುದಾದರೂ ಶುಲ್ಕ ನೀಡಿ ಪ್ರತಿನಿಧಿಗಳಾಗಿ ನೋಂದಾಯಿಸಿಕೊಳ್ಳುವ ಪದ್ಧತಿಯಿದೆ. ನೋಂದಾಯಿತರಾದ ಸರ್ಕಾರಿ ನೌಕರರಿಗೆ ಅನ್ಯಕಾರ್ಯ ನಿಮಿತ್ತ ಸೌಲಭ್ಯ (ಓಓಡಿ) ದೊರೆಯುತ್ತದೆ.

ಪ್ರಶ್ನಾರಚನೆಯ ದೃಷ್ಟಿಯಿಂದ ಇದೊಂದು ಸಂಕೀರ್ಣ ನಿದರ್ಶನ. ನೌಕರರ ಹಾಜರಾತಿ ಪತ್ರಕ್ಕೆ ಸೇವಾ ದಾಖಲೆಯಲ್ಲಿರುವ ಹೆಸರು, ಇಲಾಖೆ, ಪದನಾಮಗಳು ಬೇಕು. ಕೃಷಿಕರಿಗೂ ಗೃಹಿಣಿಯರಿಗೂ ವಿದ್ಯಾರ್ಥಿಗಳಿಗೂ ಆ ಪ್ರಶ್ನೆಗಳು ಅನ್ವಯಿಸುವುದಿಲ್ಲ. 'ನಿಮಗೆ ಹಾಜರಾತಿ ಪ್ರಮಾಣಪತ್ರ ಬೇಕೇ?' ಎಂಬ ಒಂದು ಪ್ರಶ್ನೆಯನ್ನು ಮುಂದಿಟ್ಟು, ಬೇಕೆಂದವರಿಗೆ ಮಾತ್ರ ಉದ್ಯೋಗದ ವಿವರ ಕೇಳುವುದು ಇಂತಹ ಸಂದರ್ಭಕ್ಕೆ ಹೊಂದುವ ಕ್ರಮ.

## ಮಾದರಿ

ಎರಡು ದಿನಗಳ ಸಾಹಿತ್ಯಿಕ ಕಾರ್ಯಕ್ರಮವೊಂದಕ್ಕೆ ಸಾಕಾಗುವ ಪ್ರಶ್ನೆಗಳ ಮಾದರಿ ಹೀಗಿರಬಹುದು.

1. ಪೂರ್ಣ ಹೆಸರು, ಪ್ರಮಾಣಪತ್ರದಲ್ಲಿ ಮುದ್ರಣವಾಗಬೇಕಾದಂತೆ (ಕಡ್ಡಾಯ)
2. ಮೊಬೈಲ್ ಸಂಖ್ಯೆ, ಕಾರ್ಯಕ್ರಮದ ಸೂಚನೆಗಳನ್ನು ಕಳುಹಿಸಲು (ಕಡ್ಡಾಯ)
3. ಊರು ಮತ್ತು ಜಿಲ್ಲೆ (ಐಚ್ಛಿಕ)
4. ಯಾವ ದಿನ ಭಾಗವಹಿಸುವಿರಿ? ಮೊದಲ ದಿನ / ಎರಡನೆಯ ದಿನ / ಎರಡೂ ದಿನ (ಕಡ್ಡಾಯ)
5. ಯಾವ ಊಟಗಳಿಗೆ ಇರುವಿರಿ? ದಿನವಾರು ಗುರುತು ಹಾಕಿ (ಕಡ್ಡಾಯ)
6. ನಿಮಗೆ ಆಗದ ಆಹಾರ ಪದಾರ್ಥವಿದ್ದರೆ ತಿಳಿಸಿ (ಐಚ್ಛಿಕ)
7. ನಡುವಿನ ರಾತ್ರಿ ವಸತಿ ಬೇಕೇ? ಬೇಕಾದರೆ ಎಷ್ಟು ಮಂದಿಗೆ? (ಕಡ್ಡಾಯ)
8. ಭಾಗವಹಿಸಲು ಬೇಕಾದ ವಿಶೇಷ ಸೌಕರ್ಯ (ಐಚ್ಛಿಕ)
9. ತುರ್ತು ಸಂದರ್ಭದಲ್ಲಿ ಕರೆಯಬೇಕಾದವರ ಸಂಖ್ಯೆ (ಐಚ್ಛಿಕ)
10. ಮುಂದಿನ ಕಾರ್ಯಕ್ರಮಗಳ ಸಂದೇಶ ಕಳುಹಿಸಬಹುದೇ? (ಐಚ್ಛಿಕ)

ಸುಲಭವಾದ ಪ್ರಶ್ನೆಗಳು ಮೊದಲು, ಆಲೋಚಿಸಿ ಉತ್ತರಿಸಬೇಕಾದವು ನಂತರ ಬರುವುದು ರೂಢಿ. ಶುಲ್ಕ, ಕೊನೆಯ ದಿನಾಂಕ, ಶುಲ್ಕ ಮರುಪಾವತಿಯ ನಿಯಮಗಳನ್ನು ಪ್ರಶ್ನೆಗಳಿಗಿಂತ ಮೊದಲೇ ತಿಳಿಸಬೇಕು.

## ಪರೀಕ್ಷೆ ಮತ್ತು ಪರಿಷ್ಕರಣೆ

ನಮೂನೆಯನ್ನು ಪ್ರಕಟಿಸುವ ಮೊದಲು, ಅದನ್ನು ರಚಿಸದ ಕೆಲವರಿಂದ ತುಂಬಿಸಿ ನೋಡುವುದು ಅವಶ್ಯ. ಹಿರಿಯರೊಬ್ಬರು, ಮೊಬೈಲಿನಲ್ಲಿ ಮಾತ್ರ ತುಂಬುವವರೊಬ್ಬರು, ಕನ್ನಡದಲ್ಲಿ ಮಾತ್ರ ಓದುವವರೊಬ್ಬರು ಅವರಲ್ಲಿರಬೇಕು. ಎಲ್ಲಿ ತಡೆದರು, ಯಾವ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು ಎಂಬುದನ್ನು ಗಮನಿಸಿದರೆ ದೋಷಗಳು ಹೊರಬೀಳುತ್ತವೆ. ಬಂದ ಉತ್ತರಗಳಿಂದ ಊಟದ ಸಂಖ್ಯೆ, ಕೊಠಡಿಗಳ ಪಟ್ಟಿ, ಹೆಸರಿನ ಚೀಟಿಗಳನ್ನು ತಯಾರಿಸಿ ನೋಡುವುದೂ ಪರೀಕ್ಷೆಯ ಭಾಗ. ಕಾರ್ಯಕ್ರಮ ಮುಗಿದ ಮೇಲೆ ಬಳಕೆಯಾಗದ ಉತ್ತರಗಳನ್ನು ಗುರುತಿಸಿ, ಆ ಪ್ರಶ್ನೆಗಳನ್ನು ಮುಂದಿನ ಬಾರಿ ತೆಗೆದುಹಾಕಬಹುದು.

## ಮಿತಿಗಳು

ನಮೂನೆ ಎಷ್ಟೇ ಚೆನ್ನಾಗಿದ್ದರೂ ನೋಂದಾಯಿಸಿದವರೆಲ್ಲರೂ ಬರುವುದಿಲ್ಲ. ಉಚಿತ ಕಾರ್ಯಕ್ರಮಗಳಲ್ಲಿ ಗೈರುಹಾಜರಿ ವಿಶೇಷವಾಗಿರುತ್ತದೆ. ಕೆಲವು ದಿನ ಮೊದಲು 'ಬರುವಿರಾ?' ಎಂದು ಮತ್ತೊಮ್ಮೆ ವಿಚಾರಿಸುವುದು ಇದಕ್ಕೆ ಭಾಗಶಃ ಪರಿಹಾರ.

ಆನ್‌ಲೈನ್ ನಮೂನೆಯೊಂದನ್ನೇ ನೆಚ್ಚಿಕೊಂಡರೆ ಸ್ಮಾರ್ಟ್‌ಫೋನ್ ಇಲ್ಲದವರು ಮತ್ತು ಅಕ್ಷರಾಭ್ಯಾಸವಿಲ್ಲದವರು ಹೊರಗುಳಿಯುತ್ತಾರೆ. ಹಿರಿಯರ ಪರವಾಗಿ ಮಕ್ಕಳೋ ಮೊಮ್ಮಕ್ಕಳೋ ಸೈಬರ್ ಅಂಗಡಿಯವರೋ ತುಂಬುವುದು ಸಾಮಾನ್ಯ. ಆಗ ನಮೂನೆಯಲ್ಲಿರುವ ಮೊಬೈಲ್ ಸಂಖ್ಯೆ ತುಂಬಿಕೊಟ್ಟವರದಾಗಿದ್ದು, ಸೂಚನೆಗಳು ಬರುವವರಿಗೆ ತಲುಪದೆ ಹೋಗಬಹುದು. ಕಾಯಿಲೆಯಂತಹ ವಿವರಗಳನ್ನು ಮೂರನೆಯವರ ಮುಂದೆ ಹೇಳಲು ಹಿರಿಯರು ಸಂಕೋಚಪಡಬಹುದು. ಆದ್ದರಿಂದ ಮುದ್ರಿತ ಅರ್ಜಿ, ದೂರವಾಣಿ ಮೂಲಕ ನೋಂದಣಿ ಮತ್ತು ಸ್ಥಳದಲ್ಲಿಯೇ ನೋಂದಣಿಯ ವ್ಯವಸ್ಥೆಗಳು ಆನ್‌ಲೈನ್ ನಮೂನೆಯ ಜೊತೆಯಲ್ಲಿ ಮುಂದುವರಿದಿವೆ.

## ಇವನ್ನೂ ನೋಡಿ

* ಪ್ರಶ್ನಾವಳಿ
* ಸಮೀಕ್ಷೆ
* ಖಾಸಗಿತನದ ಹಕ್ಕು
* ಯೂನಿಕೋಡ್
* ಕನ್ನಡ ಸಾಹಿತ್ಯ ಸಮ್ಮೇಳನ